ಹಳೇ ಕಾರಿನ ಸಸ್ಪೆನ್ಷನ್: ಯಾವ ಕೆಲಸ ನಿಮ್ಮ ಕೈಗೆ, ಯಾವುದು ಗ್ಯಾರೇಜಿಗೆ?

ಹದಿನೈದು ಇಪ್ಪತ್ತು ವರ್ಷ ಓಡಿದ ಕಾರು. ಆಫೀಸು, ಶಾಲೆ, ಮಾರ್ಕೆಟ್ಟು ಅಂತ ದಿನಾ ಓಡಲೇಬೇಕು. ಎಂಜಿನ್ ಇನ್ನೂ ಗಟ್ಟಿಯಾಗಿದೆ, ಆದರೆ ಹಂಪ್ ಹತ್ತಿಸಿದರೆ ಮುಂದಿನ ಎಡ ಚಕ್ರದ ಹತ್ತಿರ ಟಕ್ ಟಕ್ ಅನ್ನುತ್ತದೆ. ಮೂರು ಕಡೆ ತೋರಿಸಿದರೆ ಮೂರು ಉತ್ತರ. ಒಬ್ಬರು ಲಿಂಕ್ ರಾಡ್ ಅನ್ನುತ್ತಾರೆ, ಇನ್ನೊಬ್ಬರು ಲೋಯರ್ ಆರ್ಮ್ ಅನ್ನುತ್ತಾರೆ, ಮೂರನೆಯವರು "ಸಸ್ಪೆನ್ಷನ್ ಪೂರ್ತಿ ಹೋಗಿದೆ, ಎರಡೂ ಕಡೆ ಒಟ್ಟಿಗೇ ಮಾಡಿಸಿಬಿಡಿ" ಅನ್ನುತ್ತಾರೆ. ಮೊದಲನೆಯದು ಕೆಲವು ನೂರು ರೂಪಾಯಿಯ ಕೆಲಸ, ಕೊನೆಯದು ಹತ್ತಾರು ಸಾವಿರದ್ದು.

ಈ ಹಂತದಲ್ಲಿ ಎಲ್ಲರಿಗೂ ಬರುವ ಪ್ರಶ್ನೆ: ನಾನೇ ಮಾಡಲಾ, ಕಂಪನಿ ಸರ್ವೀಸಿಗೆ ಕೊಡಲಾ, ಅಥವಾ ಪರಿಚಯದ ಮೆಕ್ಯಾನಿಕ್ ಹತ್ತಿರ ಹೋಗಲಾ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪಾನಾ ಯಾರ ಕೈಯಲ್ಲಿದ್ದರೂ ಪರವಾಗಿಲ್ಲ, ಏನು ಹೋಗಿದೆ ಅನ್ನುವುದನ್ನು ಮಾತ್ರ ನೀವೇ ಕಂಡುಹಿಡಿಯಬೇಕು. ಅದು ಗೊತ್ತಾದ ಮೇಲೆ ಒಂದೊಂದು ಕೆಲಸಕ್ಕೂ ಬೇರೆ ಬೇರೆ ಉತ್ತರ ಸಿಗುತ್ತದೆ. "ಎಲ್ಲಾ ನಾನೇ" ಅಥವಾ "ಎಲ್ಲಾ ಅವರೇ" ಅನ್ನುವುದು ಎರಡೂ ದುಬಾರಿ.

ಇಲ್ಲಿ ನನ್ನ ಮನಸ್ಸಿನಲ್ಲಿರುವುದು 2005ರಿಂದ 2012ರ ಸುಮಾರಿನ ಸಣ್ಣ ಕಾರುಗಳು. ಸ್ವಿಫ್ಟ್, ವ್ಯಾಗನ್ ಆರ್, ಸ್ಯಾಂಟ್ರೋ, ಐ10 ಇಂಥವು. ಇವೆಲ್ಲದರ ಮುಂಭಾಗದಲ್ಲಿ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಂದರೆ ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್ ಸೇರಿ ಒಂದೇ ಕಂಬ. ಅದರ ತಲೆ ರಬ್ಬರ್ ಮೌಂಟ್ ಮೂಲಕ ಬಾಡಿಗೆ ಸೇರಿರುತ್ತದೆ. ಕಾಲು ಚಕ್ರ ಕೂರುವ ಲೋಹದ ತುಂಡಿಗೆ, ಅಂದರೆ ನಕಲ್‌ಗೆ ಸೇರಿರುತ್ತದೆ. ಕೆಳಗಿನಿಂದ ಲೋಯರ್ ಆರ್ಮ್ ಚಕ್ರವನ್ನು ಅದರ ಜಾಗದಲ್ಲಿ ಹಿಡಿದಿಡುತ್ತದೆ. ಭಾಗಗಳು ಕಡಿಮೆ, ಬೆಲೆ ಕಡಿಮೆ, ತಾಲ್ಲೂಕು ಕೇಂದ್ರದಲ್ಲೂ ಸಾಮಾನು ಸಿಗುತ್ತದೆ. ಕೈಯಾರೆ ಕಲಿಯಲು ಇದಕ್ಕಿಂತ ಒಳ್ಳೆಯ ಕಾರುಗಳು ಸಿಗುವುದು ಕಷ್ಟ.

ಮೊದಲು ಪತ್ತೆ, ಆಮೇಲೆ ಪಾನಾ

ಶಬ್ದವನ್ನು ಸರಿಯಾಗಿ ಕೇಳಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಕಿಟಕಿ ಇಳಿಸಿ, ಹಾಡು ನಿಲ್ಲಿಸಿ, ಗೋಡೆ ಪಕ್ಕದ ಕೆಟ್ಟ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ. ಗೋಡೆಗೆ ಬಡಿದು ಶಬ್ದ ವಾಪಸ್ ಬರುವುದರಿಂದ ಚೆನ್ನಾಗಿ ಕೇಳಿಸುತ್ತದೆ.

ಸಣ್ಣ ಸಣ್ಣ ಗುಂಡಿಗಳಲ್ಲಿ, ಒಂದು ಚಕ್ರ ಮಾತ್ರ ಏರಿ ಇಳಿದಾಗ ಟಕ್ ಟಕ್ ಅಂದರೆ ಮೊದಲ ಅನುಮಾನ ಸ್ಟೆಬಿಲೈಸರ್ ಲಿಂಕ್ ರಾಡ್ ಮೇಲೆ, ಆಮೇಲೆ ಸ್ಟೆಬಿಲೈಸರ್ ಬುಷ್ ಮೇಲೆ. (ಸ್ಟೆಬಿಲೈಸರ್ ಅಂದರೆ ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ಎಡ ಬಲ ಚಕ್ರಗಳನ್ನು ಜೋಡಿಸುವ ಬಾರ್, ಲಿಂಕ್ ರಾಡ್ ಅದರ ತುದಿಯನ್ನು ಚಕ್ರದ ಕಡೆಗೆ ಸೇರಿಸುವ ಕಡ್ಡಿ, ಬುಷ್ ಅಂದರೆ ಜೋಡಣೆಯಲ್ಲಿ ಕೂರುವ ರಬ್ಬರು.) ಎರಡೂ ಚಕ್ರ ಒಟ್ಟಿಗೆ ಹಂಪ್ ಇಳಿದಾಗ ಮಾತ್ರ ಧಡ್ ಅಂದರೆ ಸ್ಟ್ರಟ್ ಮೌಂಟ್ ಅಥವಾ ಶಾಕ್ ನೋಡಬೇಕು. ಕಾರು ನಿಂತಿರುವಾಗ ಸ್ಟೀರಿಂಗ್ ತಿರುಗಿಸಿದರೆ ಟೊಂಯ್ ಅಂತ ಸ್ಪ್ರಿಂಗ್ ಜಾರಿದ ಶಬ್ದ ಬರುತ್ತಿದೆಯಾ? ಸ್ಟ್ರಟ್ ಮೇಲಿನ ಬೇರಿಂಗ್ ಹಿಡಿದುಕೊಂಡಿದೆ. ಪೂರ್ತಿ ತಿರುಗಿಸಿ ಯೂ ಟರ್ನ್ ಮಾಡುವಾಗ ಕಟ ಕಟ ಕಟ ಅಂದರೆ ಅದು ಸಸ್ಪೆನ್ಷನ್ ಅಲ್ಲವೇ ಅಲ್ಲ, ಡ್ರೈವ್ ಆಕ್ಸಲ್‌ನ ಹೊರಗಿನ ಜಾಯಿಂಟ್. ಬ್ರೇಕ್ ಒತ್ತಿದಾಗ ಕಾರು ಒಂದು ಕಡೆ ಎಳೆದು, ಬಿಟ್ಟ ತಕ್ಷಣ ನೆಟ್ಟಗಾದರೆ ಲೋಯರ್ ಆರ್ಮ್‌ನ ಹಿಂದಿನ ಬುಷ್ ಹರಿದಿರಬಹುದು. ವೇಗ ಹೆಚ್ಚಿದಂತೆ ಗುಂಯ್ ಅನ್ನುವ ಶಬ್ದವೂ ಜಾಸ್ತಿಯಾದರೆ ಚಕ್ರದ ಬೇರಿಂಗ್ ಅಥವಾ ಟೈರು. ಖಾಲಿ ರಸ್ತೆಯಲ್ಲಿ ಸ್ಟೀರಿಂಗನ್ನು ಬಲಕ್ಕೆ ಸ್ವಲ್ಪ ತಿರುಗಿಸಿದರೆ ಭಾರ ಎಡ ಚಕ್ರದ ಮೇಲೆ ಬೀಳುತ್ತದೆ. ಆಗ ಶಬ್ದ ಹೆಚ್ಚಾದರೆ ಎಡ ಬೇರಿಂಗ್. ಏನೂ ವ್ಯತ್ಯಾಸ ಆಗದಿದ್ದರೆ ಟೈರಿನ ಮೇಲೆ ಕೈ ಆಡಿಸಿ ನೋಡಿ, ಏರಿಳಿತ ಕೈಗೇ ಸಿಗುತ್ತದೆ.

ಇನ್ನು ಕಾರನ್ನು ಎತ್ತಿ ನೋಡುವ ಪರೀಕ್ಷೆ. ಮುಂದಿನ ಚಕ್ರವನ್ನು ನೆಲದಿಂದ ಬಿಡಿಸಿ, ಗಡಿಯಾರದ 3 ಮತ್ತು 9 ಇರುವ ಜಾಗದಲ್ಲಿ ಹಿಡಿದು ಅಲುಗಾಡಿಸಿ. ಸಡಿಲ ಇದ್ದರೆ ಟೈ ರಾಡ್ ಎಂಡ್ (ಸ್ಟೀರಿಂಗಿನಿಂದ ಚಕ್ರಕ್ಕೆ ಬರುವ ಕಡ್ಡಿಯ ತುದಿ) ಅಥವಾ ಅದರ ಒಳಗಿನ ರ್‍ಯಾಕ್ ಎಂಡ್. ಆಮೇಲೆ 12 ಮತ್ತು 6ರಲ್ಲಿ ಹಿಡಿದು ಅಲುಗಾಡಿಸಿ. ಇಲ್ಲಿ ಸಡಿಲ ಸಿಕ್ಕರೆ ಬೇರಿಂಗ್ ಇರಬಹುದು, ಬಾಲ್ ಜಾಯಿಂಟ್ (ಲೋಯರ್ ಆರ್ಮ್ ಚಕ್ರದ ನಕಲನ್ನು ಹಿಡಿಯುವ ಗುಂಡಿನ ಕೀಲು) ಇರಬಹುದು. ಯಾವುದು ಅಂತ ತಿಳಿಯಲು ಮನೆಯವರೊಬ್ಬರನ್ನು ಕೂರಿಸಿ ಬ್ರೇಕ್ ಒತ್ತಿಸಿ, ಮತ್ತೆ ಅಲುಗಾಡಿಸಿ. ಬ್ರೇಕ್ ಒತ್ತಿದಾಗ ಸಡಿಲ ಮಾಯವಾದರೆ ಬೇರಿಂಗ್, ಹಾಗೇ ಉಳಿದರೆ ಬಾಲ್ ಜಾಯಿಂಟ್. ಐದು ನಿಮಿಷದ ಈ ಪರೀಕ್ಷೆ ಗೊತ್ತಿರುವವರಿಗೆ "ಪೂರ್ತಿ ಹೋಗಿದೆ" ಅಂತ ಯಾರೂ ಸುಮ್ನೆ ಹೇಳಿ ದಾಟಿಸಲು ಆಗುವುದಿಲ್ಲ.

ಶಾಕ್ ಅಬ್ಸಾರ್ಬರ್ ಬಗ್ಗೆ ಒಂದು ಮಾತು. ಬಾನೆಟ್ ಒತ್ತಿ ಕುಣಿಸಿ ನೋಡುವ ಪರೀಕ್ಷೆಯಲ್ಲಿ ಪೂರ್ತಿ ಸತ್ತ ಶಾಕ್ ಮಾತ್ರ ಸಿಕ್ಕಿಬೀಳುತ್ತದೆ. ಅರ್ಧ ಹೋಗಿರುವುದು ಪಾಸಾಗಿಬಿಡುತ್ತದೆ. ಅದರ ಬದಲು ಶಾಕಿನ ಮೈ ನೋಡಿ. ತೆಳುವಾಗಿ ಎಣ್ಣೆ ಬೆವರಿದ್ದರೆ ಚಿಂತೆಯಿಲ್ಲ. ಎಣ್ಣೆ ಇಳಿದು ಅದಕ್ಕೆ ಧೂಳು ಮೆತ್ತಿ ಕೆಸರಾಗಿದ್ದರೆ ಅದರ ಕಾಲ ಮುಗಿಯಿತು.

ಯಾರ ಹತ್ತಿರ ಹೋಗಬೇಕು?

ಕಂಪನಿಯ ಅಧಿಕೃತ ಸರ್ವೀಸ್ ಸೆಂಟರಿನ ದೊಡ್ಡ ಬಲ ಅಂದರೆ ಸರ್ವೀಸ್ ಮ್ಯಾನುಯಲ್, ಸರಿಯಾದ ಟೂಲು, ಬಿಲ್ಲು. ಏರ್‌ಬ್ಯಾಗ್, ಎಬಿಎಸ್, ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್, ರೀಕಾಲ್ ಕೆಲಸ ಇವಕ್ಕೆ ಅಲ್ಲಿಗೇ ಹೋಗಿ, ಎರಡನೇ ಯೋಚನೆ ಬೇಡ. ಆದರೆ ಸಸ್ಪೆನ್ಷನ್ ವಿಷಯದಲ್ಲಿ ಅಲ್ಲಿ ಬುಷ್ ಹೋದರೆ ಸಾಮಾನ್ಯವಾಗಿ ಇಡೀ ಆರ್ಮ್ ಬದಲಿಸುತ್ತಾರೆ. ಅದು ಮೋಸ ಅಲ್ಲ, ಅವರ ಕೆಲಸದ ಪದ್ಧತಿಯೇ ಹಾಗೆ. ಜಾಬ್ ಕಾರ್ಡ್ ಬರೆಸುವಾಗ "ಶಬ್ದ ಬರುತ್ತಿದೆ, ನೋಡಿ" ಅಂತ ಬರೆಸಬೇಡಿ. "ಎಡ ಮುಂದಿನ ಲಿಂಕ್ ರಾಡ್ ಬದಲಿಸಿ" ಅಂತ ಬರೆಸಿ, ಹಳೇ ಭಾಗ ವಾಪಸ್ ಕೊಡಲು ಹೇಳಿ. ಎಂಜಿನ್ ಫ್ಲಶ್, ಒಳಗಿನ ಶುಚಿ, ಪಾಲಿಶ್ ಅಂತ ಸೇರಿಸುವ ಸಾಲುಗಳನ್ನು ಓದಿ, ಬೇಡದ್ದನ್ನು ಹೊಡೆದುಹಾಕಿಸಿ.

ಆ್ಯಪ್ ಮೂಲಕ ಕಾರು ತೆಗೆದುಕೊಂಡು ಹೋಗಿ ತಂದುಬಿಡುವ ಸಂಸ್ಥೆಗಳು ಎಣ್ಣೆ, ಬ್ಯಾಟರಿ, ಎಸಿ ಗ್ಯಾಸಿಗೆ ಪರವಾಗಿಲ್ಲ. ಸಸ್ಪೆನ್ಷನ್‌ಗೆ ನನಗೆ ಅವು ಒಗ್ಗುವುದಿಲ್ಲ. ಕೆಲಸ ಮಾಡುವವರ ಮುಖ ನೋಡದೆ, ಶಬ್ದವನ್ನು ಜೊತೆಯಲ್ಲಿ ಕೂತು ಕೇಳಿಸದೆ ಈ ಕೆಲಸ ಆಗುವುದಿಲ್ಲ.

ಪರಿಚಯದ ಮೆಕ್ಯಾನಿಕ್ ಇದ್ದರೆ ಅದೃಷ್ಟ. ಹಳೇ ಕಾರಿಗೆ ಅವರೇ ಆಧಾರ. ಟೆಸ್ಟ್ ಡ್ರೈವ್‌ಗೆ ಜೊತೆಗೆ ಬರುತ್ತಾರೆ, ಹಳೇ ಭಾಗವನ್ನು ಕೈಯಲ್ಲಿಟ್ಟು ತೋರಿಸುತ್ತಾರೆ, ನೀವು ತಂದ ಸಾಮಾನು ಹಾಕಿಕೊಡುತ್ತಾರೆ. ಬುಷ್ ಮಾತ್ರ ಬದಲಿಸುವ ಹೈಡ್ರಾಲಿಕ್ ಪ್ರೆಸ್ ಇರುವ ಜಾಗ ಅವರಿಗೆ ಗೊತ್ತಿರುತ್ತದೆ. ಆದರೆ ಎರಡು ವಿಷಯದಲ್ಲಿ ಪಕ್ಕದಲ್ಲಿ ನಿಂತು ನೋಡಬೇಕು: ಸ್ಪ್ರಿಂಗನ್ನು ಯಾವುದರಿಂದ ಒತ್ತಿ ಹಿಡಿಯುತ್ತಾರೆ, ಮತ್ತು ಬುಷ್ ಬೋಲ್ಟನ್ನು ಯಾವಾಗ ಬಿಗಿಯುತ್ತಾರೆ. ಎರಡನ್ನೂ ಮುಂದೆ ಹೇಳುತ್ತೇನೆ.

ಇನ್ನು ನೀವೇ. ಲಾಭ ದುಡ್ಡಿಗಿಂತ ಹೆಚ್ಚಾಗಿ ತಿಳಿವಳಿಕೆಯಲ್ಲಿದೆ. ಒಂದು ಭಾನುವಾರ ಕಾರಿನ ಕೆಳಗೆ ಕಳೆದವರಿಗೆ ತಮ್ಮ ಕಾರಿನ ಯಾವ ರಬ್ಬರು ಒಣಗಿದೆ, ಯಾವ ಬೂಟು (ಜಾಯಿಂಟ್ ಮುಚ್ಚುವ ರಬ್ಬರ್ ಕವಚ) ಸೀಳಿದೆ ಅಂತ ಗೊತ್ತಾಗುತ್ತದೆ. ಅದು ಯಾವ ಬಿಲ್ಲಿನಲ್ಲೂ ಬರೆದಿರುವುದಿಲ್ಲ. ನಷ್ಟ ಅಂದರೆ ಸಮಯ. ಸೋಮವಾರ ಬೆಳಿಗ್ಗೆ ಅದೇ ಕಾರಲ್ಲಿ ಆಫೀಸಿಗೆ ಹೋಗಬೇಕು ಅಂದರೆ ಭಾನುವಾರ ಸಂಜೆ ಮುರಿದ ಬೋಲ್ಟ್ ಹಿಡಿದು ಕೂರಲು ಆಗುವುದಿಲ್ಲ. ಅದಕ್ಕೇ ಶನಿವಾರ ಬೆಳಿಗ್ಗೆ ಶುರು ಮಾಡಿ, ಅಂಗಡಿಗಳು ತೆರೆದಿರುವಾಗ.

ಲಿಂಕ್ ರಾಡ್: ಇಲ್ಲಿಂದ ಶುರು ಮಾಡಿ

ಮೊದಲ ಕೆಲಸವಾಗಿ ಇದಕ್ಕಿಂತ ಒಳ್ಳೆಯದು ಇಲ್ಲ. ಒಂದು ಗೇಣಿನ ಕಡ್ಡಿ, ಎರಡು ತುದಿಯಲ್ಲಿ ಪುಟ್ಟ ಬಾಲ್ ಜಾಯಿಂಟು, ಎರಡು ನಟ್ಟು. ಕೆಲವು ಬೇಸ್ ಮಾಡೆಲ್‌ಗಳಲ್ಲಿ ಸ್ಟೆಬಿಲೈಸರ್ ಬಾರೇ ಇರುವುದಿಲ್ಲ, ಹಾಗಾಗಿ ಸಾಮಾನು ತರುವ ಮೊದಲು ಕೆಳಗೆ ಬಗ್ಗಿ ನೋಡಿ.

ಗುಟ್ಟು ಒಂದೇ: ಮುಂದಿನ ಎರಡೂ ಚಕ್ರಗಳನ್ನು ಒಟ್ಟಿಗೆ ಎತ್ತಬೇಕು. ಒಂದೇ ಕಡೆ ಎತ್ತಿದರೆ ಬಾರ್ ತಿರುಚಿಕೊಂಡು ಲಿಂಕ್ ರಾಡನ್ನು ಎಳೆಯುತ್ತಿರುತ್ತದೆ. ನಟ್ಟು ಬಿಚ್ಚಿದರೂ ಕಡ್ಡಿ ಹೊರಗೆ ಬರುವುದಿಲ್ಲ, ಹೊಸದು ಒಳಗೆ ಹೋಗುವುದಿಲ್ಲ. ಎರಡೂ ಚಕ್ರ ಗಾಳಿಯಲ್ಲಿ ಸಮನಾಗಿ ನೇತಾಡಿದರೆ ಬಾರ್ ಸಡಿಲಾಗಿ ಕೈಯಲ್ಲೇ ಆಡುತ್ತದೆ.

ಚಕ್ರ ಬಿಚ್ಚಿ. ನಟ್ಟಿನ ಹೊರಗೆ ಕಾಣುವ ದಾರವನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಹದಿನೈದು ನಿಮಿಷ ಬಿಡಿ. ಈಗ ನಟ್ಟು ತಿರುಗಿಸಿದರೆ ಒಳಗಿನ ಕಡ್ಡಿಯೂ ಅದರ ಜೊತೆ ಸುತ್ತಲು ಶುರು ಮಾಡಬಹುದು. ಕಡ್ಡಿಯ ತುದಿಯಲ್ಲಿ ಆರು ಮೂಲೆಯ ಸಣ್ಣ ತೂತು ಇದ್ದರೆ ಅದಕ್ಕೆ ಆ್ಯಲನ್ ಕೀ ಹಾಕಿ ಹಿಡಿದು, ರಿಂಗ್ ಸ್ಪ್ಯಾನರ್‌ನಿಂದ ನಟ್ಟು ತಿರುಗಿಸಬೇಕು. ತೂತಿನೊಳಗೆ ತುಂಬಿದ ಮಣ್ಣನ್ನು ಮೊದಲು ಮೊಳೆಯಿಂದ ಕೆರೆದು ತೆಗೆಯಿರಿ. ಕೀ ಪೂರ್ತಿ ಒಳಗೆ ಕೂರದಿದ್ದರೆ ಮೂಲೆ ಉರುಟಾಗಿ ಹೋಗುತ್ತದೆ. ಹಾಗಾದರೂ ಹೆದರಬೇಕಿಲ್ಲ, ಹಳೇ ಲಿಂಕ್ ರಾಡ್ ಹೇಗೂ ಗುಜರಿಗೆ ಹೋಗುವುದು, ಹ್ಯಾಕ್ಸಾದಲ್ಲಿ ನಟ್ಟಿನ ಪಕ್ಕ ಕತ್ತರಿಸಿಬಿಡಿ. ಹೊಸದರ ಜೊತೆ ಬಂದ ಹೊಸ ನಟ್ಟುಗಳನ್ನೇ ಹಾಕಿ. ತಾನಾಗಿ ಸಡಿಲವಾಗದಂತೆ ಮಾಡಿದ ನಟ್ಟುಗಳು ಒಂದು ಸಲಕ್ಕೆ ಮಾತ್ರ.

ಎರಡೂ ಕಡೆಯದನ್ನು ಒಟ್ಟಿಗೆ ಬದಲಿಸಿ. ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಬೇಕಾಗುವುದಿಲ್ಲ. ಸ್ಟೆಬಿಲೈಸರ್ ಬುಷ್ ಕೂಡ ಇದೇ ಸಾಲಿಗೆ ಸೇರುವ ಕೆಲಸ, ಆದರೆ ಕೆಲವು ಕಾರುಗಳಲ್ಲಿ ಕ್ಲಾಂಪ್ ಬೋಲ್ಟು ಸ್ಟೀರಿಂಗ್ ರ್‍ಯಾಕಿನ ಹಿಂದೆ ಅಡಗಿರುತ್ತದೆ. ಕೈ ಹೋಗುತ್ತದಾ ಅಂತ ಮೊದಲೇ ನೋಡಿಕೊಳ್ಳಿ.

ಹಿಂದಿನ ಶಾಕ್: ಸ್ವಿಫ್ಟ್, ವ್ಯಾಗನ್ ಆರ್ ಇದ್ದವರಿಗೆ ಸುಲಭ

ಈ ಎರಡು ಕಾರುಗಳ ಹಿಂಭಾಗದಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಹಾಗಾಗಿ ಸ್ಪ್ರಿಂಗನ್ನು ಮುಟ್ಟದೆ ಶಾಕ್ ಬದಲಿಸಬಹುದು. ಮೇಲೊಂದು, ಕೆಳಗೊಂದು ಜೋಡಣೆ. ಕೆಲವು ಕಾರುಗಳಲ್ಲಿ ಮೇಲಿನ ನಟ್ಟು ಡಿಕ್ಕಿಯ ಒಳಗಿನ ಪ್ಲಾಸ್ಟಿಕ್ ಟ್ರಿಮ್ ಹಿಂದೆ ಇರುತ್ತದೆ.

ಬಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಹಿಂದಿನ ಆಕ್ಸಲ್ ಕೆಳಗೆ ಟ್ರಾಲಿ ಜ್ಯಾಕ್ ಕೊಟ್ಟು ಸ್ವಲ್ಪ ಎತ್ತಿ ಹಿಡಿಯಿರಿ. ಶಾಕ್ ಬಿಚ್ಚಿದ ಮೇಲೆ ಆಕ್ಸಲನ್ನು ಕೆಳಗೆ ತಡೆಯುವುದು ಏನೂ ಇರುವುದಿಲ್ಲ. ಅದು ಜೋತುಬಿದ್ದರೆ ಸ್ಪ್ರಿಂಗ್ ಕಳಚಿ ಬೀಳಬಹುದು, ಬ್ರೇಕ್ ಪೈಪ್ ಎಳೆದುಕೊಳ್ಳಬಹುದು. ಒಂದು ಕಡೆ ಮುಗಿಸಿಯೇ ಇನ್ನೊಂದು ಕಡೆಗೆ ಹೋಗಿ. ಹಿಂದಿನ ಸೀಟಿನಲ್ಲಿ ಕೂರುವ ಹಿರಿಯರಿಗೆ ವ್ಯತ್ಯಾಸ ಮೊದಲ ಹಂಪ್‌ನಲ್ಲೇ ಗೊತ್ತಾಗುತ್ತದೆ. ಖರ್ಚಿಗೆ ಸಿಗುವ ಸುಖದಲ್ಲಿ ಈ ಕೆಲಸಕ್ಕೇ ನನ್ನ ಮೊದಲ ಮತ.

ಲೋಯರ್ ಆರ್ಮ್: ಪೂರ್ತಿ ಆರ್ಮಾ, ಬುಷ್ ಮಾತ್ರಾ?

ಬಾಲ್ ಜಾಯಿಂಟ್ ಸಡಿಲಾಗಿದ್ದರೆ ಚರ್ಚೆಯೇ ಇಲ್ಲ, ತಡಮಾಡದೆ ಬದಲಿಸಿ. ಅದು ಕಳಚಿದರೆ ಚಕ್ರ ಹೊರಕ್ಕೆ ಮಡಚಿ ಬೀಳುತ್ತದೆ. ಹಲವು ಕಾರುಗಳಲ್ಲಿ ಬಾಲ್ ಜಾಯಿಂಟ್ ಆರ್ಮ್‌ಗೇ ಅಂಟಿಕೊಂಡು ಬರುವುದರಿಂದ ಪೂರ್ತಿ ಆರ್ಮ್ ತರುವುದೇ ಸರಿ.

ಬಾಲ್ ಜಾಯಿಂಟ್ ಗಟ್ಟಿಯಿದ್ದು ರಬ್ಬರ್ ಬುಷ್ ಮಾತ್ರ ಹರಿದಿದ್ದರೆ ಲೆಕ್ಕ ಬೇರೆ. ಕಂಪನಿಯ ಆರ್ಮ್‌ನ ಕಬ್ಬಿಣ ಚೆನ್ನಾಗಿರುತ್ತದೆ. ಅದನ್ನು ಬಿಚ್ಚಿ ಪ್ರೆಸ್ ಇರುವವರ ಹತ್ತಿರ ಒಯ್ದು ಒಳ್ಳೆಯ ಬುಷ್ ಹಾಕಿಸಿದರೆ, ಅಗ್ಗದ ಹೊಸ ಆರ್ಮ್‌ಗಿಂತ ಜಾಸ್ತಿ ದಿನ ಬಾಳುತ್ತದೆ. ಸುತ್ತಿಗೆಯಲ್ಲಿ ಬಡಿದು ಬುಷ್ ಕೂರಿಸುವವರಿಗೆ ಮಾತ್ರ ಕೊಡಬೇಡಿ. ಓರೆಯಾಗಿ ಕೂತ ಬುಷ್ ಬೇಗ ಹರಿಯುತ್ತದೆ.

ಆರ್ಮ್ ಬಿಚ್ಚುವುದು ಮನೆಯಲ್ಲಿ ಆಗುವ ಕೆಲಸವೇ. ಮಾರುತಿಯ ಹಲವು ಕಾರುಗಳಲ್ಲಿ ಬಾಲ್ ಜಾಯಿಂಟಿನ ಕಡ್ಡಿ ನಕಲ್ ಒಳಗೆ ಹೋಗಿ ಕೂತಿರುತ್ತದೆ, ಅಡ್ಡಲಾಗಿ ಒಂದು ಬೋಲ್ಟ್ ಅದನ್ನು ಹಿಡಿದಿರುತ್ತದೆ. ಆ ಬೋಲ್ಟು ಕಡ್ಡಿಯ ಕಚ್ಚಿನಲ್ಲಿ ಹಾಯ್ದು ಹೋಗುವುದರಿಂದ ಸಡಿಲ ಮಾಡಿದರೆ ಸಾಲದು, ಪೂರ್ತಿ ಹೊರಗೆ ತೆಗೆಯಬೇಕು. ಮಂಗಳೂರು, ಉಡುಪಿ, ಕಾರವಾರ ಕಡೆಯ ಕಾರುಗಳಲ್ಲಿ ಉಪ್ಪು ಗಾಳಿಗೆ ಇದೇ ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಹಿಂದಿನ ರಾತ್ರಿಯೇ ಸ್ಪ್ರೇ ಹೊಡೆದಿಡಿ. ಆಗಲೂ ಜಗ್ಗದಿದ್ದರೆ ಹಟ ಹಿಡಿಯಬೇಡಿ, ಬಿಸಿ ಮಾಡಿ ತೆಗೆಯುವವರಿಗೆ ಬಿಡಿ. ಕರಾವಳಿಯ ಕಾರಿಗೂ ಕಲಬುರಗಿಯ ಕಾರಿಗೂ ಇಲ್ಲೇ ವ್ಯತ್ಯಾಸ: ಕರಾವಳಿಯಲ್ಲಿ ಬೋಲ್ಟು ಕಚ್ಚುತ್ತದೆ, ಕಲಬುರಗಿಯಲ್ಲಿ ಬಿಸಿಲಿಗೂ ಧೂಳಿಗೂ ರಬ್ಬರು ಒಣಗಿ ಸೀಳುತ್ತದೆ.

ಈಗ ಬುಷ್ ಬೋಲ್ಟ್ ಬಿಗಿಯುವ ವಿಷಯ. ಬುಷ್ ಅಂದರೆ ಹೊರಗೊಂದು, ಒಳಗೊಂದು ಕಬ್ಬಿಣದ ಕೊಳವೆ, ನಡುವೆ ಎರಡಕ್ಕೂ ಅಂಟಿದ ರಬ್ಬರು. ಬೋಲ್ಟ್ ಬಿಗಿದಾಗ ಒಳಗಿನ ಕೊಳವೆ ಆ ಸ್ಥಾನದಲ್ಲೇ ಲಾಕ್ ಆಗುತ್ತದೆ. ಆರ್ಮ್ ಏರಿಳಿದಾಗ ತಿರುಚುವುದು ರಬ್ಬರು ಮಾತ್ರ. ಕಾರು ಜ್ಯಾಕ್ ಮೇಲಿದ್ದು ಚಕ್ರ ನೇತಾಡುತ್ತಿರುವಾಗ ಬಿಗಿದುಬಿಟ್ಟರೆ, ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರು ಹಿಂಡಿದ ಒದ್ದೆ ಬಟ್ಟೆಯ ಹಾಗೆ ತಿರುಚಿಕೊಂಡೇ ಇರುತ್ತದೆ. ನಿಂತಿದ್ದಾಗಲೂ ಅದಕ್ಕೆ ಬಿಡುವಿಲ್ಲ. ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಆಮೇಲೆ ಎಲ್ಲರೂ ಸಾಮಾನು ಡೂಪ್ಲಿಕೇಟ್ ಅಂತ ಬೈಯುತ್ತಾರೆ. ಸರಿಯಾದ ಕ್ರಮ ಅಂದರೆ ಬೋಲ್ಟ್‌ಗಳನ್ನು ಕೈಯಲ್ಲಿ ಹಿಡಿಯುವಷ್ಟು ಹಾಕಿ, ಕಾರಿನ ಭಾರ ಚಕ್ರದ ಮೇಲೆ ಬಂದ ಮೇಲೆ ಕೊನೆಯ ಬಿಗಿತ ಕೊಡುವುದು. ಚಕ್ರ ಹಾಕಿದರೆ ಕೈ ಹೋಗುವುದಿಲ್ಲ ಅಂದರೆ, ಬಾಲ್ ಜಾಯಿಂಟಿನ ಕೆಳಗೆ ಜ್ಯಾಕ್ ಕೊಟ್ಟು, ನೆಲದ ಮೇಲೆ ನಿಂತಾಗ ಇರುವ ಎತ್ತರಕ್ಕೆ ಆರ್ಮನ್ನು ಎತ್ತಿ ಬಿಗಿಯಿರಿ. ಮೆಕ್ಯಾನಿಕ್ ಮಾಡುತ್ತಿದ್ದರೆ ಅವರಿಗೂ ಸಮಾಧಾನದಿಂದ ಇದನ್ನೇ ಕೇಳಿ. ಗೊತ್ತಿರುವವರು ಖುಷಿಯಿಂದ ಮಾಡುತ್ತಾರೆ.

ಮುಂದಿನ ಸ್ಟ್ರಟ್: ಇಲ್ಲಿ ನಿಲ್ಲಿ

ಮುಂದಿನ ಶಾಕ್ ಬದಲಿಸಲು ಸ್ಪ್ರಿಂಗ್ ಒತ್ತಲೇಬೇಕು. ಒತ್ತಿ ಕೂತಿರುವ ಆ ಸ್ಪ್ರಿಂಗ್ ಬಿಟ್ಟುಕೊಂಡರೆ ಕೈ, ಮುಖ, ಜೀವ ಯಾವುದನ್ನೂ ನೋಡುವುದಿಲ್ಲ. ಮೇಲಿನ ಜೋಡಣೆ ಒಂದೊಂದು ಕಾರಿನಲ್ಲಿ ಒಂದೊಂದು ರೀತಿ. ಕೆಲವದರಲ್ಲಿ ಎರಡು ಮೂರು ಸಣ್ಣ ನಟ್ಟು, ಕೆಲವದರಲ್ಲಿ ನಡುವೆ ಒಂದೇ ದೊಡ್ಡದು. ಯಾವ ನಟ್ಟು ಬಾಡಿಯನ್ನು ಹಿಡಿದಿದೆ, ಯಾವುದು ಸ್ಪ್ರಿಂಗನ್ನು ಹಿಡಿದಿದೆ ಅಂತ ಖಚಿತವಾಗಿ ತಿಳಿಯದೆ ಒಂದನ್ನೂ ಮುಟ್ಟಬೇಡಿ. ಹಗ್ಗ, ತಂತಿ, ಕೊಕ್ಕೆ ಕಟ್ಟಿ ಸ್ಪ್ರಿಂಗ್ ಹಿಡಿಯುವ ಗ್ಯಾರೇಜಿನಿಂದಲೂ ದೂರ ಇರಿ.

ನಡುದಾರಿ ಒಂದಿದೆ, ನನಗೆ ಅದು ಬಹಳ ಹಿಡಿಸಿದೆ. ಸ್ಟ್ರಟ್ ಪೂರ್ತಿಯಾಗಿ ಹೊರಬರುವ ಕಾರಾಗಿದ್ದರೆ ಅದನ್ನು ಹಾಗೇ ನೀವೇ ಬಿಚ್ಚಿ ತೆಗೆದು, ಸ್ಪ್ರಿಂಗ್ ಒತ್ತಲು ಗೋಡೆಗೆ ಬಿಗಿದ ಕಂಪ್ರೆಸರ್ ಇರುವ ಗ್ಯಾರೇಜಿಗೆ ಒಯ್ದು ಶಾಕ್ ಬದಲಿಸಿ ತರುವುದು. ಬಿಚ್ಚುವ ಮೊದಲು ನಕಲ್ ಬೋಲ್ಟುಗಳ ಸ್ಥಾನವನ್ನು ಬಣ್ಣದಿಂದ ಗುರುತು ಮಾಡಿ. ಆ ತೂತುಗಳಲ್ಲಿ ಸ್ವಲ್ಪ ಆಟ ಇರುವುದರಿಂದ ಚಕ್ರದ ವಾಲು ಬದಲಾಗಿಬಿಡುತ್ತದೆ. ಬ್ರೇಕ್ ಹೋಸ್, ಎಬಿಎಸ್ ವೈರ್ ಮೇಲೆ ಭಾರ ಬೀಳದಂತೆ ನಕಲನ್ನು ತಂತಿಯಿಂದ ಕಟ್ಟಿ ನಿಲ್ಲಿಸಿ.

ಹೇಗೂ ಬಿಚ್ಚಿದ ಮೇಲೆ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಧೂಳು ತಡೆಯುವ ಬೂಟ್ ಎಲ್ಲವನ್ನೂ ಹೊಸದು ಹಾಕಿ. ಹೊಸ ಶಾಕ್ ಮೇಲೆ ಹಳೇ ಮೌಂಟ್ ಕೂರಿಸಿದರೆ ಆರು ತಿಂಗಳಲ್ಲಿ ಅದೇ ಲೇಬರ್ ಇನ್ನೊಮ್ಮೆ ಕೊಡಬೇಕಾಗುತ್ತದೆ. ಸ್ಪ್ರಿಂಗ್ ಮುರಿದಿಲ್ಲ, ತೀರಾ ಕುಸಿದಿಲ್ಲ ಅಂದರೆ ಹಾಗೇ ಇರಲಿ.

ಉಳಿದವು ಬೇಗ ಹೇಳಿ ಮುಗಿಸುತ್ತೇನೆ. ಟೈ ರಾಡ್ ಎಂಡ್ ನೀವೇ ಮಾಡಬಹುದು. ಎಷ್ಟು ಸುತ್ತು ಬಿಚ್ಚಿದಿರೋ ಅಷ್ಟೇ ಸುತ್ತು ಹಾಕಿ, ನೇರ ಅಲೈನ್‌ಮೆಂಟಿಗೆ ಹೋಗಿ. ಚಕ್ರದ ಬೇರಿಂಗ್ ಪ್ರೆಸ್ ಕೆಲಸ, ಗ್ಯಾರೇಜಿಗೆ ಬಿಡಿ. ಆಕ್ಸಲ್ ಬೂಟ್ ಸೀಳಿದ್ದು ಇವತ್ತು ಕಂಡರೆ ಇದೇ ವಾರ ಮಾಡಿಸಿ. ಗ್ರೀಸ್ ಹೊರಬಿದ್ದು ಮರಳು ಒಳಗೆ ಸೇರಿದರೆ ಅಗ್ಗದ ಬೂಟಿನ ಜಾಗದಲ್ಲಿ ಪೂರ್ತಿ ಜಾಯಿಂಟಿನ ಬೆಲೆ ತೆರಬೇಕು. ಸ್ಟೀರಿಂಗ್ ರ್‍ಯಾಕ್ ಮನೆಯ ಕೆಲಸ ಅಲ್ಲ.

ಸಾಮಾನು: ಯಾವುದಕ್ಕೆ ಯಾವುದು

ರಬ್ಬರ್ ಇರುವ ಭಾಗಗಳಿಗೆ, ಅಂದರೆ ಬುಷ್, ಮೌಂಟ್‌ಗಳಿಗೆ, ನಾನು ಕಂಪನಿಯ ಡಬ್ಬಿಯನ್ನೇ ತರುತ್ತೇನೆ. ರಬ್ಬರಿನ ಗುಣ ಕಣ್ಣಿಗೆ ಕಾಣುವುದಿಲ್ಲ. ಅಗ್ಗದ್ದು ಬೇಗ ಕಲ್ಲಾಗುತ್ತದೆ ಅಥವಾ ಬೇಗ ಹರಿಯುತ್ತದೆ. ಶಾಕ್‌ಗೆ ಗೇಬ್ರಿಯಲ್, ಮನ್ರೋ, ಕೆವೈಬಿ, ಬಾಲ್ ಜಾಯಿಂಟ್ ಮತ್ತು ಟೈ ರಾಡ್ ಎಂಡ್‌ಗೆ ರಾಣೆ ಇಂಥ ಹೆಸರಿನವು ಸಾಕು. ಕಾರು ಕಂಪನಿಗಳಿಗೇ ಸರಬರಾಜು ಮಾಡುವ ಅನುಭವ ಇವರಿಗಿದೆ, ಬೆಲೆಯೂ ಸಾಮಾನ್ಯವಾಗಿ ಸ್ವಲ್ಪ ಕಡಿಮೆ. ಹೆಸರಿಲ್ಲದ ಲೋಕಲ್ ಮಾಲನ್ನು ಬಾಲ್ ಜಾಯಿಂಟಿಗೆ ಎಂದೂ ಹಾಕಬೇಡಿ. ಉಳಿಯುವ ದುಡ್ಡಿಗೆ ಅಪಾಯ ಜಾಸ್ತಿ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಹುಪಾಲು ಎಲ್ಲವೂ ಸಿಗುತ್ತದೆ, ಆದರೆ ಅಸಲಿ ಡಬ್ಬಿಯಂತೆ ಕಾಣುವ ನಕಲಿಯೂ ಮಾರುಕಟ್ಟೆಯಲ್ಲಿ ಇದೆ. ಹಳೇ ಭಾಗವನ್ನೇ ಕೈಯಲ್ಲಿ ಹಿಡಿದು ಹೋಗಿ, ಪಕ್ಕದಲ್ಲಿಟ್ಟು ಹೋಲಿಸಿ, ಜಿಎಸ್‌ಟಿ ಬಿಲ್ ಕೇಳಿ. ಬಿಲ್ ಕೊಡಲು ಹಿಂದೆ ಮುಂದೆ ನೋಡುವ ಕಡೆ ತೆಗೆದುಕೊಳ್ಳಬೇಡಿ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆಲ್ಲ ಜಿಎಸ್‌ಟಿ ಶೇ. 18 ಆಗಿದೆ, ಮೊದಲು ಹಲವಕ್ಕೆ ಶೇ. 28 ಇತ್ತು. ಹಳೇ ಎಂಆರ್‌ಪಿ ಇರುವ ಡಬ್ಬಿಗೆ ಹಳೇ ಬೆಲೆ ಕೇಳಿದರೆ ಇದನ್ನು ನೆನಪಿಸಿ.

ಗುಜರಿ ಸಾಮಾನು ಕೆಟ್ಟದ್ದೇನಲ್ಲ. ನಕಲ್, ಹಿಂದಿನ ಆಕ್ಸಲ್ ಬೀಮ್, ಬ್ರಾಕೆಟ್ ಇಂಥ ಬರಿ ಕಬ್ಬಿಣವನ್ನು ಶಿವಾಜಿನಗರದ ಗುಜರಿಯಿಂದ ಧಾರಾಳವಾಗಿ ತರಬಹುದು, ಬಾಗಿಲ್ಲ, ಬಿರುಕಿಲ್ಲ ಅಂತ ನೋಡಿಕೊಂಡರೆ ಸಾಕು. ಶಾಕ್, ಬಾಲ್ ಜಾಯಿಂಟ್, ರಬ್ಬರು ಮಾತ್ರ ಅಲ್ಲಿಂದ ಬೇಡ.

ಜಾಗ ಮತ್ತು ಟೂಲು

ಮಟ್ಟಸವಾದ ಗಟ್ಟಿ ನೆಲ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಇಳಿಜಾರಿನ ರ್‍ಯಾಂಪ್, ಮಣ್ಣಿನ ಅಂಗಳ ಎರಡೂ ಅಪಾಯ. ಅಪಾರ್ಟ್‌ಮೆಂಟ್ ಇದ್ದರೆ ಸಂಘದವರನ್ನು ಮೊದಲು ಕೇಳಿ.

ಕಾರಿನ ಜೊತೆ ಬರುವ ಜ್ಯಾಕ್ ಸ್ಟೆಪ್ನಿ ಹಾಕುವುದಕ್ಕೆ ಮಾತ್ರ. ಒಂದು ಟ್ರಾಲಿ ಜ್ಯಾಕ್, ಒಂದು ಜೊತೆ ಜ್ಯಾಕ್ ಸ್ಟ್ಯಾಂಡ್, ಚಕ್ರ ಉರುಳದಂತೆ ಕೊಡುವ ಅಡ್ಡ ತುಂಡು ಇವು ಮೂರೂ ಇಲ್ಲದೆ ಕೆಳಗೆ ತಲೆ ಹಾಕಬಾರದು. ಇಟ್ಟಿಗೆ, ಹಾಲೋ ಬ್ಲಾಕ್ ಮೇಲೆ ಕಾರು ನಿಲ್ಲಿಸಬೇಡಿ. ಭಾರಕ್ಕೆ ಅವು ಸೂಚನೆ ಕೊಡದೆ ಒಡೆಯುತ್ತವೆ. ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ ಕಾರನ್ನು ಜೋರಾಗಿ ತಳ್ಳಿ ನೋಡಿ, ಅಲುಗಾಡದಿದ್ದರೆ ಮಾತ್ರ ಮುಂದುವರಿಯಿರಿ.

ಅರ್ಧ ಇಂಚಿನ ಸಾಕೆಟ್ ಸೆಟ್, ಉದ್ದ ಹಿಡಿಕೆಯ ಬಾರ್, ಟಾರ್ಕ್ ರೆಂಚ್, ಆ್ಯಲನ್ ಕೀ ಸೆಟ್ ಇಷ್ಟರಲ್ಲಿ ಮುಕ್ಕಾಲು ಕೆಲಸ ಆಗುತ್ತದೆ. ತಪಾರಿಯಾದಂಥ ನಮ್ಮ ದೇಶದ ಟೂಲುಗಳೇ ಸಾಕು. ಮಾರುತಿಯ ಚಕ್ರದ ನಟ್ಟಿಗೆ 19 ಎಂಎಂ, ಹ್ಯುಂಡೈಗೆ 21 ಎಂಎಂ ಸಾಕೆಟ್ ಬೇಕು. ದುಡ್ಡು ಉಳಿಸಬೇಕು ಅಂದರೆ ಸಾಕೆಟ್‌ನಲ್ಲಿ ಉಳಿಸಿ, ಸ್ಟ್ಯಾಂಡ್‌ನಲ್ಲಿ ಬೇಡ. ಇದೇ ಟೂಲುಗಳಲ್ಲಿ ಎಂಜಿನ್ ಆಯಿಲ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಬ್ರೇಕ್ ಪ್ಯಾಡ್ ಕೂಡ ಆಗುವುದರಿಂದ ಹಾಕಿದ ದುಡ್ಡು ಬೇಗ ಹುಟ್ಟುತ್ತದೆ. ಹಳೇ ಆಯಿಲನ್ನು ಚರಂಡಿಗೆ ಬಿಡಬೇಡಿ, ಕ್ಯಾನಿಗೆ ತುಂಬಿ ಹಳೇ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ದುಡ್ಡು ಹಾಕುವ ಮೊದಲು ಬಾಡಿ ನೋಡಿ

ಬಾನೆಟ್ ಎತ್ತಿ ಸ್ಟ್ರಟ್‌ನ ತಲೆ ಕೂರುವ ಜಾಗವನ್ನು, ಕೆಳಗಿನಿಂದ ಲೋಯರ್ ಆರ್ಮ್ ಸೇರುವ ಕ್ರಾಸ್ ಮೆಂಬರನ್ನು ಟಾರ್ಚ್ ಹಾಕಿ ನೋಡಿ. ಸ್ಕ್ರೂಡ್ರೈವರ್ ತುದಿಯಿಂದ ತಟ್ಟಿ. ಟಣ್ ಅಂದರೆ ಗಟ್ಟಿ. ಪುಡಿ ಉದುರಿದರೆ, ತುದಿ ಒಳಗೆ ಹೋದರೆ, ಹೊಸ ಶಾಕ್ ಹಾಕುವುದು ವ್ಯರ್ಥ. ಮೊದಲು ಒಳ್ಳೆಯ ವೆಲ್ಡಿಂಗ್ ಕೆಲಸದವರಿಗೆ ತೋರಿಸಿ ಅಂದಾಜು ಪಡೆಯಿರಿ.

ಕಾರಿಗೆ 15 ವರ್ಷ ಹತ್ತಿರವಾಗಿದ್ದರೆ ಇನ್ನೊಂದು ಲೆಕ್ಕವೂ ಇದೆ. ಆರ್‌ಸಿ ನವೀಕರಣ ಐದು ವರ್ಷಕ್ಕೆ ಸಿಗುತ್ತದೆ. ಅದರ ಶುಲ್ಕ 2022ರ ಏಪ್ರಿಲ್‌ನಿಂದ ಕಾರಿಗೆ 5,000 ರೂಪಾಯಿ ಆಗಿದೆ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000ಕ್ಕೆ ಏರಿಸಿದ್ದಾರೆ. ಜೊತೆಗೆ ರಾಜ್ಯದ ಹಸಿರು ತೆರಿಗೆ. ಆರ್‌ಟಿಒ ತಪಾಸಣೆಗೆ ಹೋಗುವ ಎರಡು ಮೂರು ತಿಂಗಳ ಮೊದಲು ಸಸ್ಪೆನ್ಷನ್ ಕೆಲಸ ಮುಗಿಸಿದರೆ ಆ ಐದು ವರ್ಷಕ್ಕೆ ಪೂರ್ತಿ ಉಪಯೋಗ.

ಎಲ್ಲಾ ಒಟ್ಟಿಗೆ ಮಾಡಲು ದುಡ್ಡು ಸಾಲದಿದ್ದರೆ ಕ್ರಮ ಹೀಗಿರಲಿ: ಬಾಲ್ ಜಾಯಿಂಟ್ ಮತ್ತು ಟೈ ರಾಡ್ ಎಂಡ್ ಮೊದಲು, ಆಮೇಲೆ ಆರ್ಮ್ ಬುಷ್, ಆಮೇಲೆ ಶಾಕ್, ಕೊನೆಗೆ ಲಿಂಕ್ ರಾಡ್. ಜಾಸ್ತಿ ಗಲಾಟೆ ಮಾಡುವುದು ಲಿಂಕ್ ರಾಡ್, ಆದರೆ ಅಪಾಯ ಕಡಿಮೆ ಇರುವುದೂ ಅದರಲ್ಲೇ. ಬಾಲ್ ಜಾಯಿಂಟ್ ಹಲವು ಸಲ ಸದ್ದೇ ಮಾಡದೆ ಸವೆದಿರುತ್ತದೆ. ಆರ್ಮ್, ಸ್ಟ್ರಟ್, ಟೈ ರಾಡ್ ಇವುಗಳಲ್ಲಿ ಯಾವುದನ್ನು ಬಿಚ್ಚಿದ್ದರೂ ಅಲೈನ್‌ಮೆಂಟ್ ಮಾಡಿಸಿ, ಮೊದಲು ಮತ್ತು ನಂತರದ ಅಳತೆಯ ಪ್ರಿಂಟ್ ಕೇಳಿ ಇಟ್ಟುಕೊಳ್ಳಿ. ನೂರು ಕಿಲೋಮೀಟರ್ ಓಡಿದ ಮೇಲೆ ಮುಟ್ಟಿದ ಎಲ್ಲಾ ನಟ್ಟುಗಳನ್ನೂ, ಚಕ್ರದ ನಟ್ಟುಗಳನ್ನೂ ಟಾರ್ಕ್ ರೆಂಚ್‌ನಲ್ಲಿ ಇನ್ನೊಮ್ಮೆ ನೋಡಿ. ಬಿಗಿತದ ಅಳತೆಯನ್ನು ನಿಮ್ಮ ಕಾರಿನ ಕೈಪಿಡಿಯಿಂದಲೇ ತೆಗೆದುಕೊಳ್ಳಿ.